ತಲಾ ಆದಾಯದಾಚೆಗೆ ಮನುಷ್ಯನನ್ನು ಅಳೆದ ಅರ್ಥತಜ್ಞ ಮೆಹಬೂಬ್ ಉಲ್ ಹಕ್

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಹೊರಬಿದ್ದಾಗಲೆಲ್ಲ ಭಾರತದ ಸ್ಥಾನ ಎಷ್ಟನೆಯದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ನೆರೆಯ ದೇಶಗಳು ನಮಗಿಂತ ಮುಂದಿವೆಯೋ ಹಿಂದಿವೆಯೋ ಎಂಬ ಚರ್ಚೆ ಒಂದೆರಡು ದಿನ ನಡೆದು ತಣ್ಣಗಾಗುತ್ತದೆ. ಆದರೆ ಆ ಪಟ್ಟಿಯ ಹಿಂದಿರುವ ಅಳತೆಗೋಲನ್ನು ರೂಪಿಸಿದವರು ನಮ್ಮದೇ ಉಪಖಂಡದ ಒಬ್ಬ ಅರ್ಥಶಾಸ್ತ್ರಜ್ಞ ಎಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಅವರೇ ಪಾಕಿಸ್ತಾನದ ಡಾ. ಮೆಹಬೂಬ್ ಉಲ್ ಹಕ್.

ಒಂದು ದೇಶದ ಕಾರ್ಖಾನೆಗಳು ಎಷ್ಟು ಸರಕು ತಯಾರಿಸಿದವು, ಹೊಲಗಳಲ್ಲಿ ಎಷ್ಟು ಬೆಳೆ ಬಂತು, ಒಟ್ಟು ವಹಿವಾಟು ಎಷ್ಟಾಯಿತು ಎಂಬ ಲೆಕ್ಕವೇ ಆ ದೇಶದ ಪ್ರಗತಿಯ ಲೆಕ್ಕ ಎಂದು ಜಗತ್ತು ದೀರ್ಘಕಾಲ ನಂಬಿತ್ತು. ಅಲ್ಲಿನ ಮಗು ಎಷ್ಟು ವರ್ಷ ಬದುಕುತ್ತದೆ, ಅದಕ್ಕೆ ಅಕ್ಷರ ಬರುತ್ತದೆಯೇ, ಗೌರವದಿಂದ ಬಾಳಲು ಬೇಕಾದಷ್ಟು ಗಳಿಕೆ ಅದರ ಮನೆಗಿದೆಯೇ ಎಂಬ ಪ್ರಶ್ನೆಗಳನ್ನು ಆ ಲೆಕ್ಕದೊಳಕ್ಕೆ ತಂದವರಲ್ಲಿ ಹಕ್ ಪ್ರಮುಖರು. ಇದಕ್ಕಿಂತ ಗಮನಾರ್ಹ ಸಂಗತಿ ಇನ್ನೊಂದಿದೆ. ಯೌವನದಲ್ಲಿ ಹಕ್ ಅವರೇ ಆ ಹಳೆಯ ಲೆಕ್ಕದ ನಿಷ್ಠಾವಂತ ಪ್ರತಿಪಾದಕರಾಗಿದ್ದರು. ತಾವೇ ಹಾಕಿದ ಲೆಕ್ಕ ತಪ್ಪಿತು ಎಂದು ಬಹಿರಂಗವಾಗಿ ಒಪ್ಪಿಕೊಂಡು, ಉಳಿದ ಬದುಕನ್ನು ಆ ತಪ್ಪನ್ನು ಸರಿಪಡಿಸಲು ಮೀಸಲಿಟ್ಟ ಅಪರೂಪದ ಅರ್ಥಶಾಸ್ತ್ರಜ್ಞರು ಅವರು.

ಹುಟ್ಟಿದ ವರ್ಷದ ಕಾಕತಾಳೀಯ

ಹಕ್ ಹುಟ್ಟಿದ್ದು 1934ರ ಫೆಬ್ರವರಿಯಲ್ಲಿ, ಅವಿಭಜಿತ ಭಾರತದ ಪಂಜಾಬಿ ಮುಸ್ಲಿಂ ಕುಟುಂಬವೊಂದರಲ್ಲಿ. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ತಮ್ಮ ದೇಶದ ರಾಷ್ಟ್ರೀಯ ಆದಾಯದ ಕುರಿತ ವರದಿಯನ್ನು ಅಲ್ಲಿನ ಸಂಸತ್ತಿಗೆ ಸಲ್ಲಿಸಿದ್ದರು. ಮಹಾ ಆರ್ಥಿಕ ಕುಸಿತದಿಂದ ಅಮೆರಿಕ ಎಷ್ಟು ನಷ್ಟ ಅನುಭವಿಸಿತು ಎಂಬುದನ್ನು ಅಂಕಿಗಳಲ್ಲಿ ಹಿಡಿದಿಡುವುದು ಆ ವರದಿಯ ಉದ್ದೇಶವಾಗಿತ್ತು. ಇಂದು ಒಟ್ಟು ದೇಶೀಯ ಉತ್ಪನ್ನ ಅಥವಾ ಜಿಡಿಪಿ ಎಂದು ಕರೆಯಲಾಗುವ ಲೆಕ್ಕಕ್ಕೆ ತಳಹದಿ ಹಾಕಿದ ಕೃತಿಗಳಲ್ಲಿ ಅದೂ ಒಂದು. ಜನರ ಕ್ಷೇಮವನ್ನು ರಾಷ್ಟ್ರೀಯ ಆದಾಯದ ಅಂಕಿಯಿಂದ ಅಳೆಯಲಾಗದು ಎಂಬ ಎಚ್ಚರಿಕೆಯನ್ನು ಕುಜ್ನೆಟ್ಸ್ ಅದೇ ವರದಿಯಲ್ಲಿ ನೀಡಿದ್ದರು. ಜಗತ್ತು ಅಂಕಿಯನ್ನು ಸ್ವೀಕರಿಸಿತು, ಎಚ್ಚರಿಕೆಯನ್ನು ಮರೆಯಿತು. ಆ ಎಚ್ಚರಿಕೆಗೆ ಐದು ದಶಕಗಳ ಬಳಿಕ ಸಾಂಸ್ಥಿಕ ರೂಪ ಕೊಟ್ಟವರು ಹಕ್.

ಹಕ್ ಹದಿಮೂರರ ಬಾಲಕರಾಗಿದ್ದಾಗ ದೇಶವಿಭಜನೆಯಾಯಿತು. ಲಕ್ಷಾಂತರ ಕುಟುಂಬಗಳಂತೆ ಅವರ ಕುಟುಂಬವೂ ಹುಟ್ಟೂರು ತೊರೆದು ಪಾಕಿಸ್ತಾನ ಸೇರಿತು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ವ್ಯಾಸಂಗ ಮಾಡಿದ ಅವರು 1953ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜಿಗೆ ತೆರಳಿದರು. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಗೆ ಮತ್ತೊಬ್ಬ ಯುವಕನೂ ಬಂದಿದ್ದ. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಿಂದ ಬಂದು ಟ್ರಿನಿಟಿ ಕಾಲೇಜು ಸೇರಿದ್ದ ಆತನ ಹೆಸರು ಅಮರ್ತ್ಯ ಸೇನ್. ಪ್ರಸಿದ್ಧ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರ ತರಗತಿಗೆ ಧಾವಿಸುತ್ತಿದ್ದ ಇಬ್ಬರ ನಡುವೆ ದಾರಿಯಲ್ಲಿಯೇ ಪರಿಚಯವಾಯಿತು. ಎರಡು ದೇಶಗಳು ಮುಂದೆ ಯುದ್ಧಗಳನ್ನು ಮಾಡಿಕೊಂಡರೂ ಈ ಸ್ನೇಹಕ್ಕೆ ಭಂಗ ಬರಲಿಲ್ಲ.

1953ರಲ್ಲಿಯೇ ವಿಶ್ವಸಂಸ್ಥೆಯು ರಾಷ್ಟ್ರೀಯ ಲೆಕ್ಕಪತ್ರಗಳ ಮಾದರಿ ಪದ್ಧತಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ಎಲ್ಲ ದೇಶಗಳೂ ತಮ್ಮ ಉತ್ಪಾದನೆಯನ್ನು ಒಂದೇ ರೀತಿಯಲ್ಲಿ ಲೆಕ್ಕ ಹಾಕಲು ಅದರಿಂದ ದಾರಿಯಾಯಿತು. ಹೊಸದಾಗಿ ಸ್ವಾತಂತ್ರ್ಯ ಪಡೆದ ಏಷ್ಯಾ ಮತ್ತು ಆಫ್ರಿಕದ ದೇಶಗಳಿಗೆ ಈ ಅಂಕಿಯೇ ಪ್ರಗತಿಯ ಪರೀಕ್ಷೆಯ ಅಂಕಪಟ್ಟಿಯಾಯಿತು.

ಯೋಜನಾ ಆಯೋಗದ ಪ್ರತಿಭಾವಂತ

ಕೇಂಬ್ರಿಜ್ ನಂತರ ಹಕ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ವಿದೇಶದಲ್ಲಿಯೇ ಉಳಿಯುವ ಅವಕಾಶವಿದ್ದರೂ 1957ರಲ್ಲಿ ಸ್ವದೇಶಕ್ಕೆ ಮರಳಿ ಪಾಕಿಸ್ತಾನದ ಯೋಜನಾ ಆಯೋಗವನ್ನು ಸೇರಿದಾಗ ಅವರಿಗೆ ಇನ್ನೂ ಇಪ್ಪತ್ಮೂರು ವರ್ಷ. ಮುಂದೆ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರ ಹುದ್ದೆಗೂ ಏರಿದರು.

ಜನರಲ್ ಅಯೂಬ್ ಖಾನ್ ಆಳ್ವಿಕೆಯ ಆ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಲಹೆಗಾರರ ತಂಡವೊಂದು ಪಾಕಿಸ್ತಾನದ ಯೋಜನೆಗಳಿಗೆ ನೆರವು ನೀಡುತ್ತಿತ್ತು. ಎರಡನೇ ಪಂಚವಾರ್ಷಿಕ ಯೋಜನೆ ತನ್ನ ಗುರಿಯನ್ನೂ ಮೀರಿ ಬೆಳವಣಿಗೆ ಸಾಧಿಸಿತು. ಅಭಿವೃದ್ಧಿಶೀಲ ದೇಶಗಳಿಗೆ ಪಾಕಿಸ್ತಾನವೇ ಮಾದರಿ ಎಂದು ಪಾಶ್ಚಾತ್ಯ ತಜ್ಞರು ಹೊಗಳತೊಡಗಿದರು.

1963ರಲ್ಲಿ ಹಕ್ ಅವರ ಮೊದಲ ಗ್ರಂಥ ಪ್ರಕಟವಾಯಿತು. ಪಾಕಿಸ್ತಾನವನ್ನು ಉದಾಹರಣೆಯಾಗಿಟ್ಟುಕೊಂಡು ಆರ್ಥಿಕ ಯೋಜನೆಯ ತಂತ್ರಗಳನ್ನು ಅದು ವಿವರಿಸುತ್ತದೆ. ಬಡ ದೇಶವೊಂದು ಬೆಳೆಯಬೇಕಾದರೆ ಉಳಿತಾಯ ಹೆಚ್ಚಬೇಕು, ಉಳಿತಾಯ ಹೆಚ್ಚಬೇಕಾದರೆ ಹಣವು ಹೂಡಿಕೆ ಮಾಡಬಲ್ಲವರ ಕೈಯಲ್ಲಿ ಸೇರಬೇಕು. ಆದ್ದರಿಂದ ಆರಂಭದ ಹಂತದಲ್ಲಿ ಅಸಮಾನತೆಯನ್ನು ಸಹಿಸಿಕೊಳ್ಳುವುದು ಅನಿವಾರ್ಯ, ಹಂಚಿಕೆಯ ಮಾತು ನಂತರದ್ದು ಎಂಬುದು ಅದರಲ್ಲಿನ ವಾದವಾಗಿತ್ತು. ಆ ಕಾಲದ ಅರ್ಥಶಾಸ್ತ್ರದಲ್ಲಿ ಇದು ವಿಚಿತ್ರವಾದ ವಾದವೇನೂ ಆಗಿರಲಿಲ್ಲ. ಕೆರೆ ತುಂಬಿದರೆ ಕೋಡಿಯ ನೀರು ಕೆಳಗಿನ ಗದ್ದೆಗೆ ತಾನಾಗಿಯೇ ಹರಿಯುತ್ತದೆ ಎಂಬುದು ಅಂದಿನ ತಜ್ಞರ ಸಾಮಾನ್ಯ ನಂಬಿಕೆಯಾಗಿತ್ತು.

ಇಪ್ಪತ್ತೆರಡು ಮನೆತನಗಳು

ಆದರೆ ನೀರು ಕೆಳಗೆ ಹರಿಯಲಿಲ್ಲ. ಅಂಕಿ ಅಂಶಗಳನ್ನು ಮೊದಲು ನೋಡುವ ಜಾಗದಲ್ಲಿದ್ದ ಹಕ್ ಅವರಿಗೆ ಇದು ಇತರರಿಗಿಂತ ಮೊದಲೇ ಗೋಚರಿಸಿತು. ರಾಷ್ಟ್ರೀಯ ಉತ್ಪನ್ನ ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಅವಧಿಯಲ್ಲಿಯೇ ಕೈಗಾರಿಕಾ ಕಾರ್ಮಿಕರ ನೈಜ ಕೂಲಿ ಮೂರನೇ ಒಂದರಷ್ಟು ಕುಸಿದಿತ್ತು ಎಂದು ಅವರು ಮುಂದೆ ಬರೆದರು. ನಿರುದ್ಯೋಗ ಹೆಚ್ಚಿತ್ತು. ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳ ತಲಾ ಆದಾಯದ ನಡುವಿನ ಅಂತರ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

1968ರ ಏಪ್ರಿಲ್ ತಿಂಗಳಲ್ಲಿ ಕರಾಚಿಯಲ್ಲಿ ಮಾಡಿದ ಭಾಷಣವೊಂದರಲ್ಲಿ ಹಕ್ ಈ ಸಂಗತಿಯನ್ನು ಬಹಿರಂಗಗೊಳಿಸಿದರು. ದೇಶದ ಕೈಗಾರಿಕಾ ಆಸ್ತಿಯ ಮೂರನೇ ಎರಡು ಭಾಗ, ಬ್ಯಾಂಕುಗಳ ಐದನೇ ನಾಲ್ಕು ಭಾಗ ಹಾಗೂ ವಿಮಾ ವ್ಯವಹಾರದ ಬಹುಪಾಲು ಕೇವಲ ಇಪ್ಪತ್ತೆರಡು ಮನೆತನಗಳ ಹಿಡಿತದಲ್ಲಿದೆ ಎಂದು ಅವರು ತಿಳಿಸಿದರು. ಹೀಗೆ ಹೇಳಿದವರು ವಿರೋಧ ಪಕ್ಷದ ನಾಯಕರಲ್ಲ, ಕಾರ್ಮಿಕ ಮುಖಂಡರಲ್ಲ, ಸರ್ಕಾರದ ಯೋಜನೆಗಳನ್ನು ರೂಪಿಸುತ್ತಿದ್ದ ಮುಖ್ಯ ಅರ್ಥಶಾಸ್ತ್ರಜ್ಞರು. ಸರ್ಕಾರ ತನ್ನ ಸಾಧನೆಯನ್ನು ಕೊಂಡಾಡಿಕೊಳ್ಳುತ್ತಿದ್ದ ಹೊತ್ತಿನಲ್ಲಿಯೇ ಬಂದ ಈ ಮಾತು ಸಂಚಲನ ಮೂಡಿಸಿತು.

ಇಪ್ಪತ್ತೆರಡು ಮನೆತನಗಳು ಎಂಬ ಪದ ಬೀದಿ ಬೀದಿಗಳ ಘೋಷಣೆಯಾಯಿತು. ಆ ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳು ಮತ್ತು ಕಾರ್ಮಿಕರ ಚಳವಳಿ ಭುಗಿಲೆದ್ದಿತು. 1969ರ ಮಾರ್ಚ್‌ನಲ್ಲಿ ಅಯೂಬ್ ಖಾನ್ ಅಧಿಕಾರ ಬಿಟ್ಟುಕೊಡಬೇಕಾಯಿತು. 1971ರಲ್ಲಿ ಪೂರ್ವ ಪಾಕಿಸ್ತಾನ ಬೇರ್ಪಟ್ಟು ಬಾಂಗ್ಲಾದೇಶವಾಯಿತು. ಈ ಎಲ್ಲ ಬೆಳವಣಿಗೆಗಳಿಗೆ ರಾಜಕೀಯ ಹಾಗೂ ಭಾಷಿಕ ಕಾರಣಗಳು ಹಲವಿದ್ದವು. ಆದರೂ ಜಗತ್ತು ಮಾದರಿಯೆಂದು ಹೊಗಳಿದ ಬೆಳವಣಿಗೆಯ ದರ ಒಂದು ದೇಶವನ್ನು ಒಟ್ಟಾಗಿ ಹಿಡಿದಿಡಲು ಸಾಲಲಿಲ್ಲ ಎಂಬುದು ಸ್ಪಷ್ಟವಾಯಿತು. ತಾವು ಪ್ರತಿಪಾದಿಸಿದ್ದ ಸಿದ್ಧಾಂತವೇ ದಾರಿ ತಪ್ಪಿಸಿತು ಎಂಬ ಅರಿವು ಹಕ್ ಅವರ ಮುಂದಿನ ಚಿಂತನೆಗೆ ತಿರುವು ನೀಡಿತು.

ವಿಶ್ವಬ್ಯಾಂಕಿನ ಹನ್ನೆರಡು ವರ್ಷ

1970ರಲ್ಲಿ ಹಕ್ ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಸೇರಿದರು. ಅಮೆರಿಕದ ಮಾಜಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಆಗ ಬ್ಯಾಂಕಿನ ಅಧ್ಯಕ್ಷರಾಗಿದ್ದರು. ನೀತಿ ಯೋಜನಾ ವಿಭಾಗದ ನಿರ್ದೇಶಕರಾಗಿ ಹಕ್ ಅವರ ಆಪ್ತ ಸಲಹೆಗಾರರಲ್ಲಿ ಒಬ್ಬರಾದರು. ಅಣೆಕಟ್ಟು, ರಸ್ತೆ, ವಿದ್ಯುತ್ ಸ್ಥಾವರಗಳಿಗೆ ಸಾಲ ನೀಡುವುದೇ ತನ್ನ ಮುಖ್ಯ ಕೆಲಸವೆಂದು ಭಾವಿಸಿದ್ದ ಸಂಸ್ಥೆ ಬಡತನವನ್ನು ನೇರವಾಗಿ ಎದುರಿಸಬೇಕು ಎಂಬ ಒತ್ತಡ ಹೇರಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು.

1973ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ನಡೆದ ಬ್ಯಾಂಕಿನ ವಾರ್ಷಿಕ ಸಭೆಯಲ್ಲಿ ಮೆಕ್‌ನಮಾರಾ ಕಡುಬಡತನದ ವಿರುದ್ಧ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಸಣ್ಣ ರೈತರಿಗೆ ಸಾಲ, ಗ್ರಾಮೀಣ ಅಭಿವೃದ್ಧಿ, ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ ಮುಂತಾದ ವಿಷಯಗಳು ಬ್ಯಾಂಕಿನ ಕಡತಗಳಲ್ಲಿ ಪ್ರಾಮುಖ್ಯ ಪಡೆದದ್ದು ಈ ಅವಧಿಯಲ್ಲಿ.

1976ರಲ್ಲಿ ಹಕ್ ಬಡತನದ ತೆರೆಯ ಕುರಿತು ಬರೆದ ಗ್ರಂಥ ಪ್ರಕಟವಾಯಿತು. ಶ್ರೀಮಂತ ದೇಶಗಳು ಮತ್ತು ಬಡ ದೇಶಗಳ ನಡುವೆ ಹಾಗೂ ಬಡ ದೇಶಗಳ ಒಳಗೇ ಉಳ್ಳವರು ಮತ್ತು ಇಲ್ಲದವರ ನಡುವೆ ಇಳಿಬಿದ್ದಿರುವ ತೆರೆಯನ್ನು ಅದು ತೋರಿಸುತ್ತದೆ. ತಮ್ಮ 1960ರ ದಶಕದ ನಂಬಿಕೆಗಳನ್ನು ಅವರು ಇದರಲ್ಲಿ ಸ್ವತಃ ವಿಮರ್ಶೆಗೆ ಒಳಪಡಿಸಿದರು. ರಾಷ್ಟ್ರೀಯ ಉತ್ಪನ್ನವನ್ನು ನೋಡಿಕೊಂಡರೆ ಬಡತನ ತಾನೇ ನೀಗುತ್ತದೆ ಎಂದು ತಮ್ಮ ತಲೆಮಾರಿಗೆ ಕಲಿಸಲಾಗಿತ್ತು, ವಾಸ್ತವದಲ್ಲಿ ಬಡತನವನ್ನು ಮೊದಲು ನೋಡಿಕೊಳ್ಳಬೇಕು ಎಂಬುದು ಈ ಕೃತಿಯ ಸಾರ. ಎಷ್ಟು ಉತ್ಪಾದನೆಯಾಯಿತು ಎಂಬುದರ ಜೊತೆಗೆ ಏನು ಉತ್ಪಾದನೆಯಾಯಿತು, ಯಾರಿಗಾಗಿ ಉತ್ಪಾದನೆಯಾಯಿತು ಎಂದು ಕೇಳಬೇಕೆಂಬುದು ಅವರ ನಿಲುವಾಗಿತ್ತು.

ಅಧಿಕಾರದ ಮಿತಿ

1982ರಲ್ಲಿ ಹಕ್ ಪಾಕಿಸ್ತಾನಕ್ಕೆ ವಾಪಸಾದರು. ಜನರಲ್ ಜಿಯಾ ಉಲ್ ಹಕ್ ಅವರ ಆಳ್ವಿಕೆಯಲ್ಲಿ ಯೋಜನಾ ಖಾತೆಯ ಹೊಣೆ ಹೊತ್ತರು. 1985ರಲ್ಲಿ ಹಣಕಾಸು ಸಚಿವರಾದರು. ತೆರಿಗೆ ಸುಧಾರಣೆ, ನಿಯಂತ್ರಣಗಳ ಸಡಿಲಿಕೆ ಹಾಗೂ ಶಿಕ್ಷಣ, ಆರೋಗ್ಯಗಳಿಗೆ ಹೆಚ್ಚಿನ ಹಣ ಒದಗಿಸುವ ಯತ್ನ ನಡೆಸಿದರು. ಆದರೆ ಒಂದು ವರ್ಷ ತುಂಬುವ ಮೊದಲೇ, 1986ರ ಜನವರಿಯಲ್ಲಿ ಆ ಖಾತೆ ಅವರ ಕೈತಪ್ಪಿತು. 1988ರಲ್ಲಿ ಮತ್ತೆ ಅಲ್ಪಕಾಲ ಹಣಕಾಸು ಸಚಿವರಾಗಿದ್ದರು.

ಅವರ ಜೀವನದ ಈ ಅಧ್ಯಾಯ ಟೀಕೆಗೆ ಹೊರತಾದುದಲ್ಲ. ಜನರ ಆಯ್ಕೆಗಳನ್ನು ವಿಸ್ತರಿಸುವುದೇ ಅಭಿವೃದ್ಧಿ ಎಂದು ಮುಂದೆ ಸಾರಿದವರು, ಜನರಿಗೆ ಆಯ್ಕೆಯ ಅವಕಾಶವನ್ನೇ ನಿರಾಕರಿಸಿದ ಸೇನಾಡಳಿತದಲ್ಲಿ ಸಚಿವರಾಗಿದ್ದರು ಎಂಬುದು ವಿಪರ್ಯಾಸವೇ ಸರಿ. 1981ರ ಜನಗಣತಿಯ ಪ್ರಕಾರ ಪಾಕಿಸ್ತಾನದ ಸಾಕ್ಷರತೆ ಶೇಕಡ 26ರ ಆಸುಪಾಸಿನಲ್ಲಿತ್ತು. ಹೀಗಿದ್ದರೂ ಆಯವ್ಯಯದ ದೊಡ್ಡ ಪಾಲು ರಕ್ಷಣೆಗೆ ಹೋಗುತ್ತಿತ್ತು. ಏನು ಮಾಡಬೇಕೆಂದು ಅರಿತ ಅರ್ಥಶಾಸ್ತ್ರಜ್ಞ ಹಣಕಾಸು ಸಚಿವನಾದರೂ ಈ ಆದ್ಯತೆಯನ್ನು ಬದಲಿಸುವುದು ಸುಲಭವಾಗಿರಲಿಲ್ಲ. ಸರ್ಕಾರಗಳನ್ನು ಒಳಗಿನಿಂದ ಮನವೊಲಿಸುವುದಕ್ಕಿಂತ ಅವು ತಲೆತಗ್ಗಿಸುವಂತೆ ಮಾಡುವ ಅಂಕಿಯೊಂದನ್ನು ಜಗತ್ತಿನ ಮುಂದಿಡುವುದು ಪರಿಣಾಮಕಾರಿ ಎಂಬುದನ್ನು ಅವರ ಮುಂದಿನ ಕಾರ್ಯ ತೋರಿಸಿತು.

ಒಂದು ಅಂಕಿಗೆ ಎದುರಾಗಿ ಇನ್ನೊಂದು ಅಂಕಿ

1989ರಲ್ಲಿ ಹಕ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕೆ ವಿಶೇಷ ಸಲಹೆಗಾರರಾಗಿ ಸೇರಿದರು. ಸಂಸ್ಥೆಯ ಮುಖ್ಯಸ್ಥ ವಿಲಿಯಂ ಡ್ರೇಪರ್ ಅವರಿಂದ ವರದಿಗೆ ಸಂಪಾದಕೀಯ ಸ್ವಾತಂತ್ರ್ಯದ ಭರವಸೆ ಪಡೆದರು. ಯಾವ ದೇಶಕ್ಕೆ ಕೋಪ ಬಂದರೂ ಅಂಕಿಗಳನ್ನು ತಿದ್ದುವಂತಿಲ್ಲ ಎಂಬ ಈ ಏರ್ಪಾಡು ಇಲ್ಲದಿದ್ದರೆ ಮುಂದಿನದೇನೂ ಸಾಧ್ಯವಾಗುತ್ತಿರಲಿಲ್ಲ. ಅಮರ್ತ್ಯ ಸೇನ್, ಪಾಲ್ ಸ್ಟ್ರೀಟನ್, ಫ್ರಾನ್ಸಿಸ್ ಸ್ಟುವರ್ಟ್, ಮೇಘನಾದ ದೇಸಾಯಿ ಮುಂತಾದ ಅರ್ಥಶಾಸ್ತ್ರಜ್ಞರು ಅವರ ಜೊತೆ ಕೈಜೋಡಿಸಿದರು.

ಎಲ್ಲ ದೇಶಗಳಿಗೂ ಅನ್ವಯವಾಗುವ ಒಂದೇ ಸೂಚ್ಯಂಕ ಬೇಕು ಎಂದು ಹಕ್ ಹಟ ಹಿಡಿದಾಗ ಸೇನ್ ಅವರಿಗೆ ಅದು ರುಚಿಸಲಿಲ್ಲ. ಮನುಷ್ಯನ ಬದುಕಿನಂತಹ ಬಹುಮುಖಿ ಸಂಗತಿಯನ್ನು ಒಂದೇ ಅಂಕಿಗೆ ಇಳಿಸುವುದು ತೀರಾ ಒರಟಾದ ಕೆಲಸ ಎಂಬುದು ಅವರ ಆಕ್ಷೇಪವಾಗಿತ್ತು. ಹಕ್ ಈ ಆಕ್ಷೇಪವನ್ನು ಅಲ್ಲಗಳೆಯಲಿಲ್ಲ. ಸೂಚ್ಯಂಕ ಒರಟಾದುದು ಎಂಬುದನ್ನು ಒಪ್ಪಿಕೊಂಡೇ ಅವರು ತಮ್ಮ ವಾದ ಮಂಡಿಸಿದರು. ನೂರಾರು ಕೋಷ್ಟಕಗಳನ್ನು ಮುದ್ರಿಸಿದರೆ ಜನ ಗೌರವದಿಂದ ಅವುಗಳತ್ತ ಕಣ್ಣು ಹಾಯಿಸಿ ಮತ್ತೆ ರಾಷ್ಟ್ರೀಯ ಉತ್ಪನ್ನದ ಕಡೆಗೇ ಮರಳುತ್ತಾರೆ. ಆ ಅಂಕಿಯನ್ನು ಪಕ್ಕಕ್ಕೆ ಸರಿಸಬೇಕಾದರೆ ಅಷ್ಟೇ ಸರಳವಾದ, ಅಷ್ಟೇ ಒರಟಾದ, ಆದರೆ ಮನುಷ್ಯರ ಬದುಕಿಗೆ ಅಷ್ಟು ಕುರುಡಾಗಿರದ ಇನ್ನೊಂದು ಅಂಕಿ ಬೇಕು ಎಂಬುದು ಅವರ ವಿವರಣೆ. ಕೊನೆಗೆ ಸೇನ್ ಅವರೇ ಸೂಚ್ಯಂಕದ ರಚನೆಗೆ ನೆರವಾದರು. ಹಕ್ ಅವರ ಲೆಕ್ಕಾಚಾರ ಸರಿಯಾಗಿತ್ತು ಎಂದು ನಂತರದ ವರ್ಷಗಳಲ್ಲಿ ಒಪ್ಪಿಕೊಂಡರು.

ಹೀಗೆ 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿ ಪ್ರಕಟವಾಯಿತು. ಅದರ ಸೂಚ್ಯಂಕ ಮೂರು ಸಂಗತಿಗಳನ್ನು ಸಮಾನ ತೂಕದಲ್ಲಿ ಪರಿಗಣಿಸಿತು. ಆಯುಷ್ಯಕ್ಕೆ ಹುಟ್ಟಿದ ಮಗುವಿನ ನಿರೀಕ್ಷಿತ ಜೀವಿತಾವಧಿ, ಅರಿವಿಗೆ ವಯಸ್ಕರ ಸಾಕ್ಷರತೆ, ಜೀವನ ಮಟ್ಟಕ್ಕೆ ಕೊಳ್ಳುವ ಶಕ್ತಿಗೆ ಹೊಂದಿಸಿದ ತಲಾ ಆದಾಯ. ಪ್ರತಿಯೊಂದರಲ್ಲಿಯೂ ಒಂದು ದೇಶವು ಕನಿಷ್ಠ ಹಾಗೂ ಗರಿಷ್ಠ ಮಟ್ಟಗಳ ನಡುವೆ ಎಲ್ಲಿ ನಿಂತಿದೆ ಎಂಬುದನ್ನು ನೋಡಿ ಸರಾಸರಿ ತೆಗೆದರೆ ಸೊನ್ನೆಯಿಂದ ಒಂದರ ನಡುವಿನ ಅಂಕಿ ದೊರೆಯುತ್ತದೆ. ಆದಾಯದ ಲೆಕ್ಕದಲ್ಲಿ ಒಂದು ವಿಶೇಷವಿತ್ತು. ಬಡವನಿಗೆ ಸಿಗುವ ನೂರು ರೂಪಾಯಿಗೂ ಕೋಟ್ಯಧಿಪತಿಗೆ ಸಿಗುವ ನೂರು ರೂಪಾಯಿಗೂ ಒಂದೇ ಬೆಲೆಯಿಲ್ಲ ಎಂಬ ತತ್ವದ ಮೇಲೆ, ಆದಾಯ ಏರಿದಂತೆ ಅದರ ತೂಕ ಇಳಿಯುವಂತೆ ಸೂತ್ರವನ್ನು ರಚಿಸಲಾಗಿತ್ತು.

ಫಲಿತಾಂಶ ಅನೇಕರನ್ನು ಚಕಿತಗೊಳಿಸಿತು. ಆ ವರದಿಯ ಅಂಕಿಗಳಂತೆ ಶ್ರೀಲಂಕಾದ ತಲಾ ರಾಷ್ಟ್ರೀಯ ಉತ್ಪನ್ನ ಕೇವಲ 400 ಡಾಲರ್. ಆದರೆ ಅಲ್ಲಿನ ನಿರೀಕ್ಷಿತ ಆಯುಷ್ಯ 71 ವರ್ಷ, ವಯಸ್ಕರ ಸಾಕ್ಷರತೆ ಶೇಕಡ 87. ಸೌದಿ ಅರೇಬಿಯದ ತಲಾ ಉತ್ಪನ್ನ 6,200 ಡಾಲರ್. ಅಂದರೆ ಶ್ರೀಲಂಕಾದ ಹದಿನೈದು ಪಟ್ಟಿಗೂ ಹೆಚ್ಚು. ಆದರೆ ಅಲ್ಲಿನ ಆಯುಷ್ಯ 64 ವರ್ಷ, ಸಾಕ್ಷರತೆ ಶೇಕಡ 55. ಸಂಪತ್ತು ಇದ್ದ ಮಾತ್ರಕ್ಕೆ ಅದು ಆಯುಷ್ಯವಾಗಿ, ಅಕ್ಷರವಾಗಿ ಮಾರ್ಪಡುವುದಿಲ್ಲ, ಬಡತನ ಇದ್ದ ಮಾತ್ರಕ್ಕೆ ಇವೆರಡೂ ಅಸಾಧ್ಯವಲ್ಲ ಎಂಬುದನ್ನು ಈ ಒಂದು ಹೋಲಿಕೆಯೇ ಮನದಟ್ಟು ಮಾಡಿತು.

ಟೀಕೆ ಮತ್ತು ತಿದ್ದುಪಡಿ

ಹೊಸ ಸೂಚ್ಯಂಕಕ್ಕೆ ಟೀಕಾಕಾರರ ಕೊರತೆಯಿರಲಿಲ್ಲ. ಬೇರೆ ಬೇರೆ ಸಂಗತಿಗಳನ್ನು ಕೂಡಿಸಿ ಸರಾಸರಿ ತೆಗೆಯುವುದಕ್ಕೆ ಶಾಸ್ತ್ರೀಯ ಆಧಾರವೇನು, ಮೂರಕ್ಕೂ ಸಮಾನ ತೂಕ ಏಕೆ, ದೇಶದ ಸರಾಸರಿ ಒಳಗಿನ ಅಸಮಾನತೆಯನ್ನು ಮುಚ್ಚಿಹಾಕುವುದಿಲ್ಲವೇ, ಪರಿಸರ ನಾಶದ ಲೆಕ್ಕ ಎಲ್ಲಿ ಎಂಬ ಪ್ರಶ್ನೆಗಳು ಎದ್ದವು. ಇವುಗಳಲ್ಲಿ ಅನೇಕವು ನ್ಯಾಯವಾದ ಪ್ರಶ್ನೆಗಳೇ ಆಗಿದ್ದವು. 1991ರ ವರದಿಯಲ್ಲಿ ದೇಶಗಳ ಸ್ವಾತಂತ್ರ್ಯವನ್ನು ಅಳೆಯುವ ಸೂಚ್ಯಂಕವೊಂದನ್ನು ಪ್ರಕಟಿಸಿದಾಗ ಅಭಿವೃದ್ಧಿಶೀಲ ದೇಶಗಳು ತೀವ್ರವಾಗಿ ಪ್ರತಿಭಟಿಸಿದವು. ಅದನ್ನು ಕೈಬಿಡಬೇಕಾಯಿತು.

ಮೂಲ ಸೂಚ್ಯಂಕ ಮಾತ್ರ ತಿದ್ದುಪಡಿಗಳೊಂದಿಗೆ ಬೆಳೆಯಿತು. ಶಾಲಾ ಶಿಕ್ಷಣದ ವರ್ಷಗಳು ಸೇರ್ಪಡೆಯಾದವು. 1995ರ ವರದಿ ಸ್ತ್ರೀ ಪುರುಷರ ನಡುವಿನ ಅಂತರವನ್ನು ಅಳೆಯುವ ಸೂಚ್ಯಂಕಗಳನ್ನು ಪರಿಚಯಿಸಿತು. 2010ರಲ್ಲಿ ಸೂತ್ರವನ್ನೇ ಪರಿಷ್ಕರಿಸಿ, ಒಂದರಲ್ಲಿನ ಕೊರತೆಯನ್ನು ಇನ್ನೊಂದರಿಂದ ಸುಲಭವಾಗಿ ತುಂಬಿಕೊಳ್ಳಲಾಗದಂತೆ ಗುಣೋತ್ತರ ಸರಾಸರಿಯನ್ನು ಅಳವಡಿಸಲಾಯಿತು. ಅಸಮಾನತೆಯನ್ನು ಕಳೆದು ನೋಡುವ ಸೂಚ್ಯಂಕವೂ ಬಹುಮುಖಿ ಬಡತನದ ಸೂಚ್ಯಂಕವೂ ಅದೇ ವರ್ಷ ಬಂದವು.

1994ರ ವರದಿ ಹಕ್ ಅವರ ಮತ್ತೊಂದು ಮುಖ್ಯ ಕೊಡುಗೆ. ಭದ್ರತೆಯೆಂದರೆ ಗಡಿಯ ಭದ್ರತೆ ಮಾತ್ರವಲ್ಲ, ಹಸಿವು, ರೋಗ, ನಿರುದ್ಯೋಗ ಮತ್ತು ದಬ್ಬಾಳಿಕೆಗಳಿಂದ ಮನುಷ್ಯನಿಗೆ ದೊರೆಯುವ ರಕ್ಷಣೆ ಎಂದು ಅದು ವ್ಯಾಖ್ಯಾನಿಸಿತು. ನೆರವು ನೀಡುವ ದೇಶಗಳು ತಮ್ಮ ನೆರವಿನ ಶೇಕಡ 20ರಷ್ಟನ್ನು, ಪಡೆಯುವ ದೇಶಗಳು ತಮ್ಮ ಆಯವ್ಯಯದ ಶೇಕಡ 20ರಷ್ಟನ್ನು ಮೂಲಭೂತ ಸಾಮಾಜಿಕ ಸೇವೆಗಳಿಗೆ ಮೀಸಲಿಡಬೇಕೆಂಬ ಸಲಹೆ ಮುಂದಿಟ್ಟಿತು. 1995ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಸಾಮಾಜಿಕ ಅಭಿವೃದ್ಧಿ ಶೃಂಗಸಭೆಯಲ್ಲಿ ಈ ಸಲಹೆಗೆ ಮನ್ನಣೆ ದೊರೆಯಿತು.

ದಕ್ಷಿಣ ಏಷ್ಯಾದ ಕಡೆಗೆ

1995ರಲ್ಲಿ ವಿಶ್ವಸಂಸ್ಥೆಯ ಹುದ್ದೆಯನ್ನು ಬಿಟ್ಟು ಹಕ್ ಇಸ್ಲಾಮಾಬಾದಿನಲ್ಲಿ ಮಾನವ ಅಭಿವೃದ್ಧಿ ಕೇಂದ್ರವನ್ನು ಸ್ಥಾಪಿಸಿದರು. ಪತ್ನಿ ಖದೀಜಾ ಹಕ್ ಈ ಕಾರ್ಯದಲ್ಲಿ ಸಹಭಾಗಿಯಾಗಿದ್ದರು. 1997ರಲ್ಲಿ ಕೇಂದ್ರವು ದಕ್ಷಿಣ ಏಷ್ಯಾದ ಕುರಿತ ಮೊದಲ ವರದಿಯನ್ನು ಹೊರತಂದಿತು. ಭಾರತ, ಪಾಕಿಸ್ತಾನಗಳೂ ಸೇರಿದ ಈ ಪ್ರದೇಶ ಅನಕ್ಷರತೆ ಹಾಗೂ ಅಪೌಷ್ಟಿಕತೆಯ ಭಾರದಲ್ಲಿ ಜಗತ್ತಿನ ಅತ್ಯಂತ ಹಿಂದುಳಿದ ಪ್ರದೇಶಗಳ ಸಾಲಿನಲ್ಲಿದ್ದರೂ ಶಸ್ತ್ರಾಸ್ತ್ರಗಳಿಗೆ ಅಪಾರ ಹಣ ಸುರಿಯುತ್ತಿರುವುದನ್ನು ವರದಿ ಎತ್ತಿ ತೋರಿಸಿತು. ಎರಡೂ ದೇಶಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಹಕ್ ತಮ್ಮ ದೇಶಕ್ಕೆ ರಿಯಾಯಿತಿ ತೋರಲಿಲ್ಲ.

1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನ್‌ನಲ್ಲಿಯೂ ಪಾಕಿಸ್ತಾನ ಬಲೂಚಿಸ್ತಾನದಲ್ಲಿಯೂ ಅಣ್ವಸ್ತ್ರ ಪರೀಕ್ಷೆ ನಡೆಸಿದವು. ಎರಡೂ ಕಡೆ ಬೀದಿಗಳಲ್ಲಿ ಸಿಹಿ ಹಂಚಲಾಯಿತು. ಅದಾದ ಎರಡು ತಿಂಗಳಿಗೆ, ಜುಲೈ 16ರಂದು, ಹಕ್ ನ್ಯೂಯಾರ್ಕಿನಲ್ಲಿ ನಿಧನರಾದರು. ಅವರಿಗೆ ಅರವತ್ತನಾಲ್ಕು ವರ್ಷ ವಯಸ್ಸಾಗಿತ್ತು. ಮೂರು ತಿಂಗಳ ಬಳಿಕ, ಅಕ್ಟೋಬರ್‌ನಲ್ಲಿ, ಗೆಳೆಯ ಅಮರ್ತ್ಯ ಸೇನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು.

ಕರ್ನಾಟಕದಲ್ಲಿ ಅಳತೆಗೋಲು

ಹಕ್ ಅವರ ಅಳತೆಗೋಲು ದೇಶಗಳ ನಡುವಿನ ಹೋಲಿಕೆಗೆ ಸೀಮಿತವಾಗಲಿಲ್ಲ. ಭಾರತದ ರಾಜ್ಯಗಳ ಪೈಕಿ ಮಧ್ಯಪ್ರದೇಶ 1995ರಲ್ಲಿ ಮೊದಲಿಗೆ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. 1999ರಲ್ಲಿ ಕರ್ನಾಟಕ ತನ್ನ ಮೊದಲ ವರದಿಯನ್ನು ಹೊರತಂದಿತು. ರಾಜ್ಯದ ಸರಾಸರಿಯ ಹಿಂದೆ ಅಡಗಿದ್ದ ಚಿತ್ರ ಆಗ ಜಿಲ್ಲಾವಾರು ಬಯಲಾಯಿತು. ಕೊಡಗು, ದಕ್ಷಿಣ ಕನ್ನಡ ಹಾಗೂ ಬೆಂಗಳೂರು ಒಂದು ತುದಿಯಲ್ಲಿದ್ದರೆ ರಾಯಚೂರು ಮತ್ತು ಗುಲಬರ್ಗಾ ಸೀಮೆ ಇನ್ನೊಂದು ತುದಿಯಲ್ಲಿತ್ತು. 2005ರ ಎರಡನೇ ವರದಿಯಲ್ಲಿಯೂ ಬೆಂಗಳೂರು ನಗರ ಜಿಲ್ಲೆ ಮೊದಲ ಸ್ಥಾನದಲ್ಲಿ, ರಾಯಚೂರು ಕಟ್ಟಕಡೆಯ ಸ್ಥಾನದಲ್ಲಿ ಇದ್ದವು. ಮುಂದೆ ಜಿಲ್ಲೆಗಳಿಗೂ ಪ್ರತ್ಯೇಕ ವರದಿಗಳು ಸಿದ್ಧವಾದವು.

ಇದೇ ಹಾದಿಯಲ್ಲಿ, ಆದರೆ ತನ್ನದೇ ಮಾನದಂಡಗಳೊಂದಿಗೆ ಸಾಗಿದ್ದು ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ. 2002ರಲ್ಲಿ ವರದಿ ಸಲ್ಲಿಸಿದ ಈ ಸಮಿತಿ 35 ಸೂಚಕಗಳ ಆಧಾರದ ಮೇಲೆ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಗುಲಬರ್ಗಾ ವಿಭಾಗದಲ್ಲಿದ್ದವು. ಐ.ಟಿ. ರಫ್ತಿನಿಂದ ರಾಜ್ಯದ ಒಟ್ಟು ಉತ್ಪನ್ನ ಏರುತ್ತಿದ್ದ ಹೊತ್ತಿನಲ್ಲಿ ಬಂದ ಈ ಪಟ್ಟಿ, ಬೆಂಗಳೂರಿನ ಗಾಜಿನ ಕಟ್ಟಡಗಳ ಲೆಕ್ಕದಲ್ಲಿ ದೇವದುರ್ಗದ ಬಾಣಂತಿಯೂ ಯಾದಗಿರಿಯ ಶಾಲೆ ಬಿಟ್ಟ ಬಾಲಕಿಯೂ ಕಾಣಿಸುವುದಿಲ್ಲ ಎಂಬುದನ್ನು ನೆನಪಿಸಿತು. ಸಂವಿಧಾನದ 371ನೇ ‘ಜೆ’ ವಿಧಿಯ ಬೇಡಿಕೆಗೂ ಇಂತಹ ಅಂಕಿಗಳು ಬಲ ತುಂಬಿದವು. ಅಳೆಯದೆ ಇದ್ದದ್ದು ಆಡಳಿತದ ಕಣ್ಣಿಗೆ ಬೀಳುವುದಿಲ್ಲ ಎಂಬ ಹಕ್ ಅವರ ವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡಿಗರಿಗೆ ಬೇಕಿಲ್ಲ.

ತಾಯ್ನಾಡಿನ ಅಂಕಪಟ್ಟಿ

ಹಕ್ ಅವರ ನಂತರ ಈ ಚಿಂತನೆ ಹಲವು ಕವಲುಗಳಾಗಿ ಹರಿದಿದೆ. 2008ರಲ್ಲಿ ಫ್ರಾನ್ಸ್ ಸರ್ಕಾರ ಜೋಸೆಫ್ ಸ್ಟಿಗ್ಲಿಟ್ಸ್, ಅಮರ್ತ್ಯ ಸೇನ್ ಹಾಗೂ ಜಾನ್ ಪಾಲ್ ಫಿಟೂಸಿ ಅವರನ್ನೊಳಗೊಂಡ ಆಯೋಗವನ್ನು ರಚಿಸಿತು. ಉತ್ಪಾದನೆಯ ಅಳತೆಯಿಂದ ಕ್ಷೇಮದ ಅಳತೆಗೆ ಸಾಗಬೇಕೆಂದು ಅದು 2009ರಲ್ಲಿ ಶಿಫಾರಸು ಮಾಡಿತು. ಭೂತಾನವು ರಾಷ್ಟ್ರೀಯ ಸಂತೋಷದ ಸೂಚ್ಯಂಕವನ್ನು ರೂಪಿಸಿಕೊಂಡಿತು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿಯೂ ಆರೋಗ್ಯ, ಶಿಕ್ಷಣ, ಲಿಂಗ ಸಮಾನತೆಗಳು ಆರ್ಥಿಕ ಬೆಳವಣಿಗೆಯ ಜೊತೆ ಸರಿಸಮಾನ ಸ್ಥಾನ ಪಡೆದಿವೆ.

ಆದರೂ ಬೆಳವಣಿಗೆಯ ದರದ ಆಕರ್ಷಣೆ ಕುಂದಿಲ್ಲ. ಯಾವ ದೇಶ ಎಷ್ಟು ಟ್ರಿಲಿಯನ್ ಡಾಲರಿನ ಆರ್ಥಿಕತೆಯಾಯಿತು ಎಂಬ ಪೈಪೋಟಿಯೇ ಇಂದಿಗೂ ಮುಖಪುಟದ ಸುದ್ದಿ. 2025ರಲ್ಲಿ ಪ್ರಕಟವಾದ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ಪೈಕಿ ಭಾರತ 130ನೇ ಸ್ಥಾನದಲ್ಲಿತ್ತು. ಶ್ರೀಲಂಕಾ 89ನೇ ಸ್ಥಾನದಲ್ಲಿತ್ತು. ಹಕ್ ಅವರ ತಾಯ್ನಾಡು ಪಾಕಿಸ್ತಾನ 168ನೇ ಸ್ಥಾನಕ್ಕೆ ಇಳಿದು, ಕೆಳಮಟ್ಟದ ಮಾನವ ಅಭಿವೃದ್ಧಿಯ ಗುಂಪಿನಲ್ಲಿತ್ತು.

ಅದೇ ಪಟ್ಟಿಯಲ್ಲಿ ಭಾರತದ ಜೊತೆ 130ನೇ ಸ್ಥಾನವನ್ನು ಹಂಚಿಕೊಂಡ ದೇಶ ಬಾಂಗ್ಲಾದೇಶ. 1960ರ ದಶಕದಲ್ಲಿ ಒಂದೇ ದೇಶದ ಬಡ ಭಾಗವಾಗಿದ್ದ, ಯೋಜನಾ ಆಯೋಗದ ಹೊಗಳಿಸಿಕೊಂಡ ಲೆಕ್ಕಗಳಲ್ಲಿ ಹಿಂದೆ ಬಿದ್ದಿದ್ದ ಆ ನಾಡು, ಆಯುಷ್ಯ ಮತ್ತು ಅಕ್ಷರದ ಅಳತೆಯಲ್ಲಿ ಇಂದು ಪಾಕಿಸ್ತಾನವನ್ನು ಬಹುದೂರ ಹಿಂದಿಕ್ಕಿದೆ. ಈ ಅಂತರವನ್ನು ಕಾಣುವಂತೆ ಮಾಡಿದ ಅಳತೆಗೋಲನ್ನು ಕೊಟ್ಟವರು ಆ ಹಳೆಯ ಲೆಕ್ಕವನ್ನು ಬರೆದ ಅಧಿಕಾರಿಯೇ ಎಂಬುದು ಮೆಹಬೂಬ್ ಉಲ್ ಹಕ್ ಅವರ ಜೀವನದ ಸಾರ್ಥಕತೆಯೂ ಹೌದು, ಅದರ ನೋವೂ ಹೌದು.